ತಟ್ಟೆಯ ಮೇಲಿನ ವೃತ್ತ ಇನ್ನೂ ಔಷಧವಲ್ಲ

ದಾನೋಳಿಯಂಥ ಊರಿನಿಂದ ಜಯಸಿಂಗಪುರಕ್ಕೋ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೋ ರಸಾಯನಶಾಸ್ತ್ರ ಕಲಿಯಲು ಹೋಗುವ ಮಕ್ಕಳಿಗೆ ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಎದುರಾಗಬಹುದಾದ ವಿಷಯವಿದು: ಲ್ಯಾಂಥನಂ, ಸೀರಿಯಂನಂಥ ವಿರಳ ಭಸ್ಮ ಲೋಹಕ್ಕೆ ಅಮೈನೋ ಆಮ್ಲ ಜೋಡಿಸಿ ‘ಸಂಕೀರ್ಣ’ ತಯಾರಿಸಿ, ಅದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೇ ಎಂದು ನೋಡುವುದು. ಸುದ್ದಿ ಮನೆಗೆ ಬರುವಷ್ಟರಲ್ಲಿ ‘ಹೊಸ ಔಷಧ ಸಿಕ್ಕಿತಂತೆ’ ಎಂದಾಗಿರುತ್ತದೆ. ನಡುವೆ ಬೆಳೆಯುವ ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಈ ಲೋಹಗಳು ಬಹಳ ಅಪರೂಪ.
ಸತ್ಯ: ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಒಟ್ಟು 17 ಲೋಹಗಳಲ್ಲಿ ಪ್ರೊಮೀತಿಯಂ ಒಂದನ್ನು ಬಿಟ್ಟರೆ ಉಳಿದೆಲ್ಲವೂ ಬೆಳ್ಳಿಗಿಂತ ಹೆಚ್ಚು. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿ, ಒಡಿಶಾದ ಛತ್ರಪುರದ ಕಡಲಮರಳಿನ ಮೊನಜೈಟ್‌ನಲ್ಲಿ ಇವುಗಳಲ್ಲಿ ಹಲವು ಸಿಗುತ್ತವೆ. ಗುಣದಲ್ಲಿ ಒಂದನ್ನೊಂದು ಹೋಲುವ ಇವನ್ನು ಬೇರ್ಪಡಿಸುವುದೇ ಕಷ್ಟದ ಕೆಲಸ.

ತಪ್ಪು ಕಲ್ಪನೆ 2: ಲೋಹವನ್ನೂ ಅಮೈನೋ ಆಮ್ಲವನ್ನೂ ಬೆರೆಸಿ ಒಣಗಿಸಿದರೆ ಸಂಕೀರ್ಣ ಸಿದ್ಧ.
ಸತ್ಯ: ಲೋಹದ ನೈಟ್ರೇಟನ್ನೋ ಕ್ಲೋರೈಡನ್ನೋ ಕರಗಿಸಿ, ಗ್ಲೈಸಿನ್ ಅಥವಾ ಹಿಸ್ಟಿಡಿನ್‌ನಂಥ ಅಮೈನೋ ಆಮ್ಲ ಸೇರಿಸಿ, ಕಾಯಿಸುತ್ತ ಕ್ಷಾರವನ್ನು ಹನಿಹನಿಯಾಗಿ ಹಾಕಬೇಕು. ಕ್ಷಾರ ಹೆಚ್ಚಾದರೆ ತಳಕ್ಕಿಳಿಯುವುದು ಸಂಕೀರ್ಣವಲ್ಲ, ಬರೀ ಲೋಹದ ಹೈಡ್ರಾಕ್ಸೈಡ್. ಹಾಗಾಗಿ ಸಿಕ್ಕ ಪುಡಿ ಏನೆಂದು ಸಾಬೀತುಪಡಿಸಲೇಬೇಕು. ಇನ್‌ಫ್ರಾರೆಡ್ ರೋಹಿತದಲ್ಲಿ ಕಾರ್ಬಾಕ್ಸಿಲೇಟ್ ಪಟ್ಟಿ ಜಾಗ ಬದಲಿಸಿದೆಯೇ? ಇಡಿಟಿಎ ಟೈಟ್ರೇಷನ್‌ನಲ್ಲಿ ಲೋಹದ ಪಾಲು ಸೂತ್ರಕ್ಕೆ ಹೊಂದುತ್ತದೆಯೇ? ಕಾಯಿಸಿದಾಗ ತೂಕ ಇಳಿಯುವ ಬಗೆ ಏನು ಹೇಳುತ್ತದೆ? ಮೂರೂ ಒಂದೇ ಉತ್ತರ ಕೊಡಬೇಕು.

ತಪ್ಪು ಕಲ್ಪನೆ 3: ವೃತ್ತ ದೊಡ್ಡದಾದಷ್ಟೂ ಶಕ್ತಿ ಹೆಚ್ಚು.
ಸತ್ಯ: ಅತಿ ಹೆಚ್ಚು ಎಡವುವುದು ಇಲ್ಲೇ. ಮುಲ್ಲರ್-ಹಿಂಟನ್ ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರಿ, ಸಂಕೀರ್ಣವಿಟ್ಟು, ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 18ರಿಂದ 24 ಗಂಟೆ ಬಿಟ್ಟರೆ, ಬೆಳೆಯದೆ ಉಳಿದ ಜಾಗ ವೃತ್ತವಾಗಿ ಕಾಣುತ್ತದೆ. ಅದರ ಅಗಲ ಶಕ್ತಿಯೊಂದನ್ನೇ ಅಲ್ಲ, ಅಗರ್‌ನೊಳಗೆ ವಸ್ತು ಎಷ್ಟು ಸಲೀಸಾಗಿ ಹರಡುತ್ತದೆ ಎಂಬುದನ್ನೂ ಅವಲಂಬಿಸಿದೆ. ನಿಧಾನಕ್ಕೆ ಹರಡುವ ಪ್ರಬಲ ವಸ್ತುವಿನ ವೃತ್ತ ಚಿಕ್ಕದಾಗಬಹುದು.

ಅದಕ್ಕಿಂತ ಮುಖ್ಯವಾದದ್ದು ಹೋಲಿಕೆ. ಅಮೈನೋ ಆಮ್ಲ ಮಾತ್ರ, ಲೋಹದ ಲವಣ ಮಾತ್ರ, ಕರಗಿಸಲು ಬಳಸಿದ ಡಿಎಂಎಸ್‌ಒ ಮಾತ್ರ, ಜೊತೆಗೆ ಸಿಪ್ರೊಫ್ಲಾಕ್ಸಾಸಿನ್‌ನಂಥ ಗೊತ್ತಿರುವ ಔಷಧ: ಇವೆಲ್ಲವನ್ನೂ ಇಡದಿದ್ದರೆ ಬ್ಯಾಕ್ಟೀರಿಯಾ ತಡೆದದ್ದು ಯಾವುದೆಂದು ಹೇಳಲಾಗದು. ಆಮೇಲೆ ದ್ರಾವಣವನ್ನು ಪ್ರತಿ ಸಲ ಅರ್ಧಕ್ಕೆ ತೆಳುಗೊಳಿಸುತ್ತ, ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣವನ್ನು ಕಂಡುಹಿಡಿಯಬೇಕು. ಹೋಲಿಸಬೇಕಾದದ್ದು ಆ ಅಂಕಿಯನ್ನು. ಅದೂ ಕೊಂದದ್ದಕ್ಕೆ ಸಾಕ್ಷಿಯಲ್ಲ. ಹೊಸ ತಟ್ಟೆಗೆ ಹಾಕಿದಾಗ ಮತ್ತೆ ಬೆಳೆದರೆ, ಬ್ಯಾಕ್ಟೀರಿಯಾ ಸತ್ತಿರಲಿಲ್ಲ ಎಂದರ್ಥ.

ತಪ್ಪು ಕಲ್ಪನೆ 4: ಅಮೈನೋ ಆಮ್ಲ ಆಹಾರದಲ್ಲೇ ಇದೆ, ಆದ್ದರಿಂದ ಸಂಕೀರ್ಣವೂ ನಿರಪಾಯ.
ಸತ್ಯ: ಲೋಹವನ್ನು ಅದು ಎಷ್ಟು ಬಿಗಿಯಾಗಿ ಹಿಡಿದಿಟ್ಟಿದೆ ಎಂಬುದೇ ಪ್ರಶ್ನೆ. ಕೆಲವು ಎಂಆರ್‌ಐ ತಪಾಸಣೆಗಳಲ್ಲಿ ಚುಚ್ಚುವ, ಇದೇ ಗುಂಪಿನ ಗ್ಯಾಡೋಲಿನಿಯಂ ಬಂಧನ ಕಳಚಿದರೆ ವಿಷ. ಅದಕ್ಕೆಂದೇ ಅದನ್ನು ಅನೇಕ ಕಡೆಯಿಂದ ಹಿಡಿಯುವ ದೊಡ್ಡ ಅಣುವಿನೊಳಗೆ ಕಟ್ಟಿರುತ್ತಾರೆ. ಅಷ್ಟಾದರೂ, ಮೂತ್ರಪಿಂಡ ಸೋತವರಲ್ಲಿ ಚರ್ಮ ಗಡುಸಾಗುವ ಕಾಯಿಲೆಗೂ ಇದಕ್ಕೂ ನಂಟಿದೆ ಎಂದು 2006ರಲ್ಲಿ ಗೊತ್ತಾಯಿತು. ಸಾದಾ ಗ್ಲೈಸಿನ್‌ನ ಹಿಡಿತ ಇದಕ್ಕಿಂತ ಬಹಳ ಸಡಿಲ.

ತಪ್ಪು ಕಲ್ಪನೆ 5: ತಟ್ಟೆಯಲ್ಲಿ ಗೆದ್ದದ್ದು ಮೈಯಲ್ಲೂ ಗೆಲ್ಲುತ್ತದೆ.
ಸತ್ಯ: ತಟ್ಟೆಯ ಗೆಲುವು ಮೈಯಲ್ಲಿನ ಗೆಲುವಿನ ಖಾತರಿಯಲ್ಲ. ಈ ಲೋಹಗಳು ರೋಗಿಯವರೆಗೆ ತಲುಪಿವೆ, ಆದರೆ ಹೆಚ್ಚಾಗಿ ಬೇರೆ ದಾರಿಯಿಂದ. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಪಡೆದ ಲ್ಯಾಂಥನಂ ಕಾರ್ಬೊನೇಟ್ ಮೂತ್ರಪಿಂಡ ರೋಗಿಗಳ ರಕ್ತದಲ್ಲಿ ಫಾಸ್ಫೇಟ್ ಏರದಂತೆ ತಡೆಯುತ್ತದೆ. ಸುಟ್ಟಗಾಯದ ಕ್ರೀಮಿನಲ್ಲಿ ಸೀರಿಯಂ ನೈಟ್ರೇಟ್ ಇದ್ದರೂ ಜೊತೆಗೆ ಬ್ಯಾಕ್ಟೀರಿಯಾ ತಡೆಯುವ ಸಿಲ್ವರ್ ಸಲ್ಫಾಡಯಾಜಿನ್ ಇರುತ್ತದೆ.

ಮನೆಯ ಮಗಳು ತಟ್ಟೆಯ ಫೋಟೊ ತೋರಿಸಿದರೆ ಮೆಚ್ಚಿಕೊಳ್ಳಿ, ಜೊತೆಗೇ ಕೇಳಿ: ‘ಲವಣ ಒಂದನ್ನೇ ಇಟ್ಟಾಗ ಏನಾಯಿತು?’ ಸಂಕೀರ್ಣ ಅದಕ್ಕಿಂತ ಮೇಲಲ್ಲ ಎಂದು ಆಕೆ ಪ್ರಾಮಾಣಿಕವಾಗಿ ಬರೆದರೆ, ಅದೂ ಒಳ್ಳೆಯ ವಿಜ್ಞಾನವೇ. ಮುಂದೆ ಇದೇ ದಾರಿ ಹಿಡಿಯುವವರ ಶ್ರಮವನ್ನು ಆ ಒಂದು ಸಾಲು ಉಳಿಸುತ್ತದೆ.