ಕಣ್ಣಿಗೆ ಕಾಣದ ಮೇಣ

ಹಲಸಿನ ಹಣ್ಣು ಬಿಡಿಸಿ ಗೊತ್ತಿದ್ದವರಿಗೆ ಈ ಅಧ್ಯಾಯದ ಅರ್ಧ ಪಾಠ ಆಗಲೇ ಬಂದಿರುತ್ತದೆ. ಕೈಗೆ ಹತ್ತಿದ ಮೇಣವನ್ನು ನಲ್ಲಿಯ ಕೆಳಗೆ ಹಿಡಿದರೆ ಅದು ಜಪ್ಪಯ್ಯ ಎಂದರೂ ಹೋಗುವುದಿಲ್ಲ. ಸೋಪು ತಿಕ್ಕಿದರೆ ಸೋಪಿಗೂ ಅಂಟುತ್ತದೆ. ಅಂಗೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿಕೊಂಡು ಬೆರಳು ಬೆರಳನ್ನೂ ಉಜ್ಜಿದರೆ ಮಾತ್ರ ಸುರುಳಿ ಸುರುಳಿಯಾಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಉಳಿಯುವ ಎಣ್ಣೆಜಿಡ್ಡಿಗೆ ಸೋಪು ಸಾಕು. (ವಿಜ್ಞಾನದ ಲೆಕ್ಕದಲ್ಲಿ ಹಲಸಿನದು ಮೇಣವಲ್ಲ, ಸೊನೆ. ಹೋಲಿಕೆಗೆ ಅದರಿಂದ ಅಡ್ಡಿಯಿಲ್ಲ.) ಎಣ್ಣೆಯ ಕುಲದ್ದನ್ನು ಎಣ್ಣೆಯ ಕುಲದ್ದೇ ಕರಗಿಸಬೇಕು. ಕಾರಿನ ಬಣ್ಣದ ಮೇಲಿನ ಹಳೆಯ ವ್ಯಾಕ್ಸ್ ತೆಗೆಯುವುದೂ ಇದೇ ಎರಡು ಹೆಜ್ಜೆಯ ಕೆಲಸ. ತೊಡಕು ಒಂದೇ: ಹಲಸಿನ ಮೇಣ ಕೈಗೆ ತಿಳಿಯುತ್ತದೆ, ಕಾರಿನದು ಕಣ್ಣಿಗೂ ಕಾಣುವುದಿಲ್ಲ.

ಕಾರಿನ ವ್ಯಾಕ್ಸ್‌ಗಳಲ್ಲಿ ಹೆಸರುವಾಸಿಯಾದದ್ದು ಕಾರ್ನೂಬಾ. ಬ್ರೆಜಿಲ್ಲಿನ ಈಶಾನ್ಯದ ಒಣನಾಡಿನಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರ, ಬಿಸಿಲಿಗೆ ನೀರು ಆರಿಹೋಗದಂತೆ ತನ್ನ ಗರಿಗೆ ತಾನೇ ಬಳಿದುಕೊಳ್ಳುವ ಲೇಪವದು. ಗರಿ ಕೊಯ್ದು, ಒಣಗಿಸಿ, ಬಡಿದರೆ ಪುಡಿಯಾಗಿ ಉದುರುತ್ತದೆ. ಮಿಠಾಯಿಗೂ ಮಾತ್ರೆಗೂ ಹೊಳಪು ಕೊಡುವುದು ಇದೇ. ಜೇನುಮೇಣ 62-64 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇದಕ್ಕೆ 82ರಿಂದ 86 ಡಿಗ್ರಿ ಬೇಕು. ಪತ್ರೊಡೆಗೆಂದು ಕೆಸುವಿನೆಲೆ ತೊಳೆಯುವಾಗ ನೀರು ಮುತ್ತಾಗಿ ಉರುಳುವುದನ್ನು ನೋಡಿದ್ದೀರಲ್ಲ, ಅಲ್ಲಿಯೂ ಇರುವುದು ಎಲೆಯದೇ ಮೇಣ. ಎಲೆಯನ್ನು ಹೆಬ್ಬೆರಳಿನಿಂದ ನಾಲ್ಕು ಸಲ ಒತ್ತಿ ಉಜ್ಜಿ ನೀರು ಬಿಡಿ, ಆ ಜಾಗದಲ್ಲಿ ಮುತ್ತು ಕಟ್ಟುವುದಿಲ್ಲ.

ಸೀಲಂಟ್ ಎಂಬುದು ಕಾರ್ಖಾನೆಯ ಕೂಸು. ಸಿಲಿಕೋನ್ ಮೊದಲಾದ ಪಾಲಿಮರ್‌ಗಳಿಂದ ಮಾಡಿದ್ದು, ಬಣ್ಣವನ್ನು ವ್ಯಾಕ್ಸ್‌ಗಿಂತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಹೆಚ್ಚು ದಿನ ಬಾಳುತ್ತದೆ. ತೆಗೆಯುವಾಗ ಸತಾಯಿಸುವುದೂ ಇದೇ.

ನನ್ನ ಮಟ್ಟಿಗೆ ಹೇಳುವುದಾದರೆ, ಹಳೆಯ ವ್ಯಾಕ್ಸ್ ಮೇಲೆ ಅದೇ ವ್ಯಾಕ್ಸ್ ಹಚ್ಚುವವರು ಏನನ್ನೂ ತೆಗೆಯಬೇಕಿಲ್ಲ. ಕಾರು ತೊಳೆದು, ಒರೆಸಿ, ಹಚ್ಚಿದರಾಯಿತು. ವರ್ಷಕ್ಕೊಮ್ಮೆ ಆಯುಧಪೂಜೆಯ ಹಿಂದಿನ ದಿನ ಪಾಲಿಶ್ ಡಬ್ಬಿ ಹುಡುಕುವವರ ಕಾರಿನಲ್ಲಂತೂ ತೆಗೆಯಲು ಏನೂ ಉಳಿದಿರುವುದಿಲ್ಲ. ನಮ್ಮ ಬಿಸಿಲು, ಮಳೆ ಆ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಟ್ಟಿರುತ್ತವೆ. ಸೆರಾಮಿಕ್ ಕೋಟಿಂಗ್ ಮಾಡಿಸುವಾಗ ಬೇರೆ ಮಾತು. ಅದು ನೇರವಾಗಿ ಬಣ್ಣವನ್ನೇ ಹಿಡಿಯಬೇಕು, ನಡುವೆ ಮೇಣವಿದ್ದರೆ ಹಿಡಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹೊಸ ಬಣ್ಣ ಹೊಡೆಸುವಾಗ. ಯಾವುದಾದರೂ ಟಿಂಕರಿಂಗ್ ಶೆಡ್ಡಿನಲ್ಲಿ ‘ಫಿಶ್ ಐ’ ಎಂದು ನೋಡಿ, ಪೇಂಟರ್ ಮುಖ ಹುಳ್ಳಗಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಿಲಿಕೋನ್ ಉಳಿದಿದ್ದರೂ ಹಸಿ ಬಣ್ಣ ಆ ಚುಕ್ಕೆಯಿಂದ ಸುತ್ತಲೂ ಹಿಂದೆ ಸರಿದು, ಮೀನಿನ ಕಣ್ಣಿನಂಥ ಗುಂಡನೆಯ ಕುಳಿ ಬೀಳುತ್ತದೆ. ಅದಕ್ಕೇ ಅನುಭವಸ್ಥರು ಮೊದಲು ಒರೆಸಿ ಆಮೇಲೆ ಉಪ್ಪುಕಾಗದ ಹಿಡಿಯುತ್ತಾರೆ. ಉಲ್ಟಾ ಮಾಡಿದರೆ ಉಜ್ಜಿದ ಗೀರುಗಳೊಳಗೇ ಸಿಲಿಕೋನ್ ತೂರಿ ಕೂರುತ್ತದೆ.

ಒರೆಸುವ ಆ ಕ್ರಮವನ್ನು ಹತ್ತಿರ ನಿಂತು ನೋಡಬೇಕು. ಎರಡು ಕೈಗೆ ಎರಡು ಬಟ್ಟೆ. ಒಂದು, ಪೇಂಟ್ ಅಂಗಡಿಯಲ್ಲಿ ಸಿಗುವ ವ್ಯಾಕ್ಸ್-ಗ್ರೀಸ್ ರಿಮೂವರಿನಲ್ಲಿ ಅಥವಾ ಮಿನರಲ್ ಟರ್ಪೆಂಟೈನಿನಲ್ಲಿ ನೆನೆದದ್ದು, ಇನ್ನೊಂದು, ಒಣಗಿದ್ದು. ಒದ್ದೆ ಬಟ್ಟೆ ಒಂದು ಮೊಳದಷ್ಟು ಜಾಗದಲ್ಲಿ ಹೋದ ಹಿಂದೆಯೇ, ತೇವ ಆರುವ ಮುನ್ನ ಒಣಬಟ್ಟೆ ಬರಬೇಕು. ತಡವಾದರೆ ಕರಗಿದ ಮೇಣ ಎಲ್ಲಿಯೂ ಹೋಗುವುದಿಲ್ಲ, ದ್ರಾವಕ ಆರಿ ಮೇಣ ಅಲ್ಲೇ ಮತ್ತೆ ಕೂರುತ್ತದೆ. ಬಟ್ಟೆಯ ಮಗ್ಗುಲನ್ನೂ ಆಗಾಗ ಬದಲಿಸುತ್ತಿರಬೇಕು. ಕಾರು ನೆರಳಿನಲ್ಲಿರಲಿ, ಬಾನೆಟ್ ತಣ್ಣಗಿರಲಿ, ಹತ್ತಿರ ಬೆಂಕಿ ಬೇಡ, ಗಾಳಿಯಾಡಲಿ. ಬರಿಗೈಯಲ್ಲಿ ಮಾಡಿದವರ ಚರ್ಮ ಬೆಳ್ಳಗೆ ಒಣಗಿ ಬಿರಿಯುತ್ತದೆ. ದ್ರಾವಕಕ್ಕೆ ಕಾರಿನ ಮೇಣ ಯಾವುದು, ನಮ್ಮ ಚರ್ಮದ ಜಿಡ್ಡು ಯಾವುದು ಎಂಬ ಭೇದವಿಲ್ಲ.

ಸೀಮೆಎಣ್ಣೆ ಮೇಣ ಕರಗಿಸುತ್ತದೆ, ಬದಲಿಗೆ ತನ್ನ ಪಸೆ ಬಿಟ್ಟುಹೋಗುತ್ತದೆ. ಎನ್‌ಸಿ ಥಿನ್ನರ್ ಬಗ್ಗೆ ನನಗೆ ಹಳೆಯ ಸಿಟ್ಟಿದೆ. ನನ್ನ ಕಾರಿನ ಎಡಬಾಗಿಲಿಗೆ ಹಿಂದೆಂದೋ ಮರುಬಣ್ಣ ಆಗಿತ್ತು. ಒಂದು ಗ್ಯಾರೇಜಿನ ಹುಡುಗ ಥಿನ್ನರ್ ಬಟ್ಟೆಯಲ್ಲಿ ಒರೆಸಿದ, ಬಟ್ಟೆಯೇ ಕೆಂಪಾಯಿತು! ಕಾರ್ಖಾನೆಯ ಬಣ್ಣ ಒಲೆಯ ಕಾವಿನಲ್ಲಿ ಬೆಂದು ಗಟ್ಟಿಯಾದದ್ದು. ಅಗ್ಗದ ಎನ್‌ಸಿ ಬಣ್ಣವಾದರೋ ಥಿನ್ನರ್ ಆರಿದ್ದರಿಂದಷ್ಟೇ ಗಟ್ಟಿಯಾದದ್ದು, ಮತ್ತೆ ಥಿನ್ನರ್ ತಾಗಿದರೆ ಮತ್ತೆ ಕರಗುತ್ತದೆ.

ಹಲಸಿನ ಎರಡನೆಯ ಹೆಜ್ಜೆ, ಅಂದರೆ ಉಳಿದ ಪಸೆ ತೆಗೆಯಲು, ಐಸೊಪ್ರೊಪೈಲ್ ಆಲ್ಕೋಹಾಲ್ ಇದೆ. ಒಂದು ಪಾಲಿಗೆ ಮೂರು ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಸಾಕು. ಗಟ್ಟಿ ಕಾರ್ನೂಬಾ ಇದಕ್ಕೆ ಬಗ್ಗುವುದಿಲ್ಲ. ಇದು ಪಸೆಗೆ, ಪಾಲಿಶಿನ ಎಣ್ಣೆಗೆ. ಕೊರೊನಾ ಕಾಲದ ಸ್ಯಾನಿಟೈಸರ್ ಮಿಕ್ಕಿದೆಯೆಂದು ಅದನ್ನು ಸುರಿಯಬೇಡಿ. ಕೈ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಮುಂತಾದ್ದನ್ನು ಸೇರಿಸಿರುತ್ತಾರೆ. ಒಂದು ಅಂಟು ತೆಗೆದು ಇನ್ನೊಂದು ಬಳಿದಂತಾಗುತ್ತದೆ.

ಇಷ್ಟಕ್ಕೂ ಜಗ್ಗದ ಸೀಲಂಟ್ ಇದ್ದರೆ, ಇಲ್ಲವೇ ಹಳೆಯ ಸೆರಾಮಿಕ್ ಕೋಟಿಂಗ್ ಇದ್ದರೆ ಪಾಲಿಶ್ ಹಾಕಿ ತೇಯಬೇಕಾಗುತ್ತದೆ. ಇಲ್ಲಿ ಕೈ ಹಿಡಿತದಲ್ಲಿರಬೇಕು. ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಕಾರಿನ ಲೇಪದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಎರಡು ತಲೆಗೂದಲಿನಷ್ಟು. ಬಿಸಿಲನ್ನು ತಡೆಯುವ ಕ್ಲಿಯರ್ ಕೋಟ್ ಅದರಲ್ಲಿ 35ರಿಂದ 50 ಮೈಕ್ರಾನ್ ಮಾತ್ರ. ಪ್ರತಿ ಪಾಲಿಶ್ ಅದನ್ನೇ ಒಂದಿಷ್ಟು ತಿನ್ನುತ್ತದೆ, ತಿಂದದ್ದು ಮರಳಿ ಬೆಳೆಯುವುದಿಲ್ಲ. ರಬ್ಬಿಂಗ್ ಕಾಂಪೌಂಡ್ ಕೈಗೆ ಸಿಕ್ಕಿತೆಂದು ಹಿಗ್ಗುವವರು ಅಂಚುಗಳ ಮೇಲೆ ಒಂದು ಕಣ್ಣಿಡಬೇಕು. ಬಣ್ಣ ಮೊದಲು ಕಿತ್ತುಬರುವುದು ಅಲ್ಲೇ.

ಮೇಣ ಹೋಯಿತೆಂದು ತಿಳಿಯುವುದು ಹೇಗೆ? ನೀರು ಸುರಿದು ನೋಡುತ್ತಾರೆ: ಮುತ್ತು ಕಟ್ಟಿದರೆ ಮೇಣವಿದೆ, ಹಾಳೆಯಂತೆ ಹರಡಿದರೆ ಹೋಗಿದೆ. ಪಾತ್ರೆ ತೊಳೆಯುವ ದ್ರವದಿಂದ ವ್ಯಾಕ್ಸ್ ಹೋಗುತ್ತದೆಂಬ ನಂಬಿಕೆಗೆ ಜೀವ ಬಂದದ್ದು ಬಹುಮಟ್ಟಿಗೆ ಈ ಪರೀಕ್ಷೆಯಿಂದಲೇ. ಆ ದ್ರವದಲ್ಲಿ ತೊಳೆದು ನೀರು ಬಿಟ್ಟರೆ ನೀರು ಚೆನ್ನಾಗಿಯೇ ಹರಡುತ್ತದೆ. ಹರಡಿಸುವುದು ಮೇಣದ ಮೇಲೆ ಉಳಿದ ಸೋಪಿನ ಅಂಶ. ಬೇಕಾದರೆ ಬಾನೆಟ್ಟಿನ ನಡುವೆ ಪೇಂಟ್ ಅಂಗಡಿಯ ಕಾಗದದ ಟೇಪು ಅಂಟಿಸಿ, ಒಂದು ಬದಿಯನ್ನು ಈ ದ್ರವದಿಂದ ತೊಳೆಯಿರಿ, ಇನ್ನೊಂದನ್ನು ಎರಡು ಬಟ್ಟೆಯಲ್ಲಿ ಒರೆಸಿ. ಟೇಪು ಕಿತ್ತು, ಎರಡು ಬಕೆಟ್ ನೀರಿನಿಂದ ಚೆನ್ನಾಗಿ ಜಾಲಿಸಿ, ಆರಲು ಬಿಡಿ. ಮತ್ತೆ ಒಂದು ಚೊಂಬು ನೀರು ಸುರಿಯಿರಿ. ಸೋಪಿನ ಬದಿಯಲ್ಲಿ ಮುತ್ತುಗಳು ಮತ್ತೆ ಎದ್ದು ಕೂತಿರುತ್ತವೆ, ಟೇಪಿನ ಗೆರೆಯ ತನಕ.