ಅಟ್ಟದ ಕೊಬ್ಬರಿಯೂ ಊಟದ ತಟ್ಟೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ವೈದ್ಯರಿಗೆ ಬೇರೆ ಸೀಮೆಯ ವೈದ್ಯರು ಅಷ್ಟಾಗಿ ಕೇಳದ ಒಂದು ಪ್ರಶ್ನೆ ಮೇಲಿಂದ ಮೇಲೆ ಎದುರಾಗುತ್ತದೆ. ರಕ್ತಪರೀಕ್ಷೆಯ ಕಾಗದದಲ್ಲಿ ಕೊಲೆಸ್ಟ್ರಾಲಿನ ಮುಂದೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಅಂಕಿಯನ್ನು ಅವರು ಬೆರಳಿಟ್ಟು ತೋರಿಸಿದೊಡನೆ, ಎದುರಿಗೆ ಕುಳಿತ ರೈತನು ತನ್ನ ಹೃದಯದ ವಿಚಾರವನ್ನಾಗಲಿ ಆಯುಸ್ಸಿನ ವಿಚಾರವನ್ನಾಗಲಿ ಎತ್ತದೆ, 'ಹಂಗಾದ್ರೆ ಕಾಯಿ ಬಿಟ್ಬಿಡ್ಬೇಕಾ ಸಾ?' ಎಂದು ಕೇಳುತ್ತಾನೆ. ಮಗಳ ಮದುವೆ, ಮಗನ ಓದು, ಮನೆಯ ಹೆಂಚು, ಕೊಳವೆಬಾವಿಯ ಸಾಲ ಇವೆಲ್ಲವೂ ಕೊಬ್ಬರಿಯ ಹಣದಿಂದಲೇ ನಡೆದುಬಂದ ಸಂಸಾರದಲ್ಲಿ ಇದು ಬರಿಯ ಪಥ್ಯದ ಪ್ರಶ್ನೆಯಾಗಿ ಉಳಿಯಲಾರದು; ಕುಲದೇವರನ್ನು ಶಂಕಿಸುವಾಗಿನ ಸಂಕೋಚವೇ ಅದರಲ್ಲಿ ತುಂಬಿರುತ್ತದೆ.

ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರಗಳು ಪ್ರಚಾರದಲ್ಲಿವೆ. ತೆಂಗಿನಲ್ಲಿ ಕೊಲೆಸ್ಟ್ರಾಲ್ ಎಂಬುದೇ ಇಲ್ಲ, ಆದುದರಿಂದ ಎಷ್ಟು ತಿಂದರೂ ಬಾಧಕವಿಲ್ಲವೆಂದು ಸಂತೆಯಲ್ಲಿಯೂ ಮಾರುಕಟ್ಟೆಯ ಅಂಗಳದಲ್ಲಿಯೂ ಹೇಳುವವರು ಒಂದು ಕಡೆ. ಕಾಯಿಯನ್ನು ಕಣ್ಣೆತ್ತಿಯೂ ನೋಡಕೂಡದೆಂದು ನಗರದಿಂದ ಬಂದ ನೆಂಟರು ವಿಧಿಸುವ ಕಟ್ಟಪ್ಪಣೆ ಮತ್ತೊಂದು ಕಡೆ. ಮೊದಲನೆಯ ಮಾತು ಅಕ್ಷರಶಃ ಸತ್ಯವಾದರೂ ಅರ್ಥದಲ್ಲಿ ದಾರಿತಪ್ಪಿಸತಕ್ಕದ್ದು. ಕೊಲೆಸ್ಟ್ರಾಲ್ ಪ್ರಾಣಿದೇಹದ ವಸ್ತು. ತೆಂಗಿನಲ್ಲಿ ಮಾತ್ರವಲ್ಲ, ಕಡಲೆಕಾಯಿಯಲ್ಲಿಯೂ ಎಳ್ಳಿನಲ್ಲಿಯೂ ಅದು ಇಲ್ಲವೆಂದೇ ಹೇಳಬೇಕು. ಆದರೆ ನಮ್ಮ ರಕ್ತದಲ್ಲಿ ಸಂಚರಿಸುವ ಕೊಲೆಸ್ಟ್ರಾಲಿನ ಬಹುಭಾಗ ತಟ್ಟೆಯಿಂದ ಬಂದದ್ದಲ್ಲ, ದೇಹವೇ, ಮುಖ್ಯವಾಗಿ ಯಕೃತ್ತೇ, ತಯಾರಿಸಿದ್ದು. ಹಾಗೆ ರಕ್ತಕ್ಕೆ ಸೇರಿದ, ಕೊಲೆಸ್ಟ್ರಾಲನ್ನು ಹೊತ್ತು ತಿರುಗುವ, ಕೆಟ್ಟದೆನಿಸಿದ ಎಲ್‌ಡಿಎಲ್ ಕಣಗಳನ್ನು ಮತ್ತೆ ಹಿಡಿದೊಳಗೆಳೆದುಕೊಳ್ಳುವ ಗ್ರಾಹಕಗಳು ಜೀವಕೋಶಗಳ, ಅದರಲ್ಲಿಯೂ ಯಕೃತ್ತಿನ ಕೋಶಗಳ, ಮೇಲ್ಮೈಯಲ್ಲಿವೆಯೆಂಬುದನ್ನು ತೋರಿಸಿಕೊಟ್ಟುದಕ್ಕಾಗಿ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ವಿಜ್ಞಾನಿಗಳಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಪರ್ಯಾಪ್ತ ಮೇದಸ್ಸು, ಎಂದರೆ ತಣ್ಣಗಾದರೆ ಗಟ್ಟಿಯಾಗುವ ಜಾತಿಯ ಕೊಬ್ಬು, ಊಟದಲ್ಲಿ ಅಧಿಕವಾದಾಗ ಈ ಗ್ರಾಹಕಗಳ ಕೆಲಸ ಮಂದವಾಗಿ, ಎಲ್‌ಡಿಎಲ್ ರಕ್ತದಲ್ಲಿಯೇ ಉಳಿದು ನಾಳಗಳ ಗೋಡೆಯನ್ನು ಹೊಗುತ್ತದೆ. ನಾವು ಶುದ್ಧ ಸಸ್ಯಾಹಾರಿಗಳು, ನಮಗೆಲ್ಲಿಯ ಕೊಲೆಸ್ಟ್ರಾಲ್ ಎಂದು ಆಶ್ಚರ್ಯಪಡುವವರಿಗೆ ಇರುವ ಸಮಾಧಾನವೂ ಇದೇ.

ಇನ್ನು ತೆಂಗಿನ ಲೆಕ್ಕ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಪರ್ಯಾಪ್ತ ಮೇದಸ್ಸೇ; ಹಸಿ ಕಾಯಿಯ ತುರಿ 100 ಗ್ರಾಮಿನಲ್ಲಿ ಅದು ಸುಮಾರು 30 ಗ್ರಾಂ, ಒಣಗಿದ ಕೊಬ್ಬರಿಯಲ್ಲಿ 55 ಗ್ರಾಮಿಗೂ ಮೇಲು. ದಿನಕ್ಕೆ 2000 ಕ್ಯಾಲೊರಿಯ ಊಟ ಮಾಡುವವನಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟಿರುವ ಎಲ್ಲೆ, ಹಾಲು ತುಪ್ಪ ಕರಿದ ತಿಂಡಿಗಳೆಲ್ಲ ಸೇರಿ, ಹೆಚ್ಚೆಂದರೆ 22 ಗ್ರಾಂ. ಎಂದ ಮೇಲೆ ಒಂದು ಹಿಡಿ ತುರಿಗೆ ಆ ಎಲ್ಲೆಯೊಳಗೆ ಧಾರಾಳವಾಗಿ ಎಡೆಯಿದೆ. ಬೆಳಗ್ಗೆ ಇಡ್ಲಿಗೆ ಗಟ್ಟಿ ಕಾಯಿಚಟ್ನಿ, ಮಧ್ಯಾಹ್ನ ಸಾರಿಗೆ ರುಬ್ಬಿದ ಕಾಯಿ, ಪಲ್ಯದ ಮೇಲೆ ಉದುರಿಸಿದ ತುರಿ, ಸಂಜೆ ಬೆಲ್ಲದೊಡನೆ ಕಚ್ಚಿ ತಿನ್ನುವ ಒಂದು ಗಿಟುಕು ಕೊಬ್ಬರಿ ಎಂದಾದರೆ, ಎಲ್ಲೆ ಎಲ್ಲಿ ಉಳಿಯಿತೆಂದು ಹುಡುಕಬೇಕಾಗುತ್ತದೆ. ಕಾರ್ತಿಕ ಸೋಮವಾರದಂದು ದೇವಸ್ಥಾನದಿಂದ ಹಿಂದಿರುಗುವ ಹೋಳುಗಳೆಲ್ಲ ಅಂದಿನ ಅಡಿಗೆಗೇ ಬೀಳಬೇಕೆಂಬ ನಿಯಮವನ್ನು ಯಾವ ಶಾಸ್ತ್ರವೂ ಮಾಡಿದಂತಿಲ್ಲ.

ತೆಂಗಿನ ಪರವಾಗಿ ವಾದಿಸುವವರು ಪೆಸಿಫಿಕ್ ಸಾಗರದ ದ್ವೀಪವಾಸಿಗಳನ್ನು ಸಾಕ್ಷಿಗೆ ಕರೆಯುವುದುಂಟು. ಆ ಸಾಕ್ಷ್ಯವನ್ನು ಪೂರ್ತಿಯಾಗಿ ಕೇಳುವುದು ಮೇಲು. ನ್ಯೂಜಿಲೆಂಡಿನ ಇಯನ್ ಪ್ರಯರ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪುಕಪುಕ ದ್ವೀಪದವರ ಆಹಾರಶಕ್ತಿಯಲ್ಲಿ ನೂರಕ್ಕೆ 34 ಭಾಗ, ಟೊಕೆಲಾವಿನವರ ಆಹಾರಶಕ್ತಿಯಲ್ಲಿ 63 ಭಾಗ ತೆಂಗಿನಿಂದಲೇ ಬರುತ್ತಿದ್ದಿತು. ಆದರೂ ರಕ್ತನಾಳದ ಕಾಯಿಲೆ ಎರಡೂ ಕಡೆ ವಿರಳವಾಗಿದ್ದಿತು. ಇಷ್ಟನ್ನು ಹೇಳಿ ನಿಲ್ಲಿಸುವುದು ವಾಡಿಕೆ. ಹೆಚ್ಚು ತೆಂಗು ತಿನ್ನುತ್ತಿದ್ದ ಟೊಕೆಲಾವಿನವರ ಕೊಲೆಸ್ಟ್ರಾಲ್ ಪುಕಪುಕದವರಿಗಿಂತ ಡೆಸಿಲೀಟರ್ ರಕ್ತಕ್ಕೆ 35ರಿಂದ 40 ಮಿಲಿಗ್ರಾಂ ಮೇಲಿದ್ದಿತೆಂಬುದನ್ನು ತೆಂಗಿನ ಈ ವಕೀಲರು ಮರೆಮಾಚುತ್ತಾರೆ. ನ್ಯೂಜಿಲೆಂಡಿಗೆ ವಲಸೆ ಹೋದ ಟೊಕೆಲಾವಿನವರ ಸಂಗತಿಯಂತೂ ಇನ್ನೂ ಬೋಧಪ್ರದವಾದುದು: ಅಲ್ಲಿ ಅವರ ಊಟದಲ್ಲಿ ತೆಂಗಿನ ಕೊಬ್ಬು ಕಡಮೆಯಾಯಿತು, ಆದರೂ ರಕ್ತದ ಸ್ಥಿತಿ ಕೆಟ್ಟಿತು, ಏಕೆಂದರೆ ಮೀನು ಮತ್ತು ಹಲಸಿನ ಜಾತಿಯ ಕಾಯಿಗಳಿದ್ದ ತಟ್ಟೆಗೆ ಮಾಂಸ, ಸಕ್ಕರೆ, ಅಂಗಡಿಯ ಆಹಾರಗಳು ಬಂದು ಕುಳಿತವು. ಎಣ್ಣೆಯ ಮಾತು ಬೇರೆ. ಹದಿನಾರು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿ ಸಿಂಗಪುರದ ವಿದ್ವಾಂಸರು 2020ರಲ್ಲಿ ಹೇಳಿದಂತೆ, ಇತರ ಸಸ್ಯತೈಲಗಳೊಡನೆ ಹೋಲಿಸಿದರೆ ಕೊಬ್ಬರಿ ಎಣ್ಣೆಯು ಎಲ್‌ಡಿಎಲ್ಲನ್ನು ಸುಮಾರು 10 ಮಿಲಿಗ್ರಾಂ ಏರಿಸುತ್ತದೆ; ಒಳ್ಳೆಯದೆನಿಸಿದ ಎಚ್‌ಡಿಎಲ್ಲನ್ನೂ 4 ಮಿಲಿಗ್ರಾಮಿನಷ್ಟು ಏರಿಸುತ್ತದೆಯಾದರೂ ಆ ಲಾಭ ಈ ನಷ್ಟವನ್ನು ತುಂಬುವುದೆಂಬುದಕ್ಕೆ ಆಧಾರವಿಲ್ಲ. ಆದರೆ ಕೇರಳದಂತೆ, ದಕ್ಷಿಣ ಕನ್ನಡದಂತೆ ಒಗ್ಗರಣೆಗೆ ಕೊಬ್ಬರಿ ಎಣ್ಣೆ ಹಾಕುವ ರೂಢಿ ನಮ್ಮದಲ್ಲ. ಇಲ್ಲಿ ಆ ಎಣ್ಣೆ ತಲೆಗೆ. ನಾವು ತಿನ್ನುವುದು ತಿರುಳನ್ನು, ನಾರಿನ ಸಮೇತ.

ಈ ಸೀಮೆಯ ಹಳೆಯ ಊಟವನ್ನು ನೆನೆಸಿಕೊಂಡರೆ ಒಂದು ವಿಚಿತ್ರ ಹೊಳೆಯುತ್ತದೆ: ಇಷ್ಟು ತೆಂಗು ಬೆಳೆದ ಜನ ಅಷ್ಟು ತೆಂಗನ್ನು ತಿಂದವರಲ್ಲ. ಬಲಿತ ಕಾಯಿ ಅಟ್ಟಕ್ಕೇರಿ, ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರುಷವೇ, ಅಲ್ಲಿ ಕುಳಿತು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕರಟದೊಳಗೆ ಉಂಡೆ ಗಡಗಡಿಸುವ ಹೊತ್ತಿಗೆ ಅದು ತಿಪಟೂರಿನ ಹರಾಜಿಗೆ ಮೀಸಲಾದ ಹಣ. ಅದನ್ನು ಒಡೆದು ಸಾರಿಗೆ ಹಾಕುವ ಧೈರ್ಯ ಯಾವ ಸೊಸೆಗೂ ಇರಲಿಲ್ಲ. ಅಡಿಗೆಮನೆಗೆ ಇಳಿಯುತ್ತಿದ್ದುದು ಸಣ್ಣ ಕಾಯಿ, ಬಿರುಕುಬಿಟ್ಟ ಕಾಯಿ, ಹಬ್ಬದ ಕಾಯಿ. ಮಿಕ್ಕ ತಟ್ಟೆಯನ್ನೆಲ್ಲ ತುಂಬುತ್ತಿದ್ದುದು ರಾಗಿಮುದ್ದೆ, ಹುರುಳಿಸಾರು, ಅವರೆ ಅಲಸಂದೆ ಹೆಸರಿನ ಬಸ್ಸಾರು, ಹೊಲದ ಬದುವಿನಲ್ಲಿ ಕುಯ್ದ ಬೆರಕೆಸೊಪ್ಪಿನ ಮಸ್ಸೊಪ್ಪು, ಮತ್ತು ರಾಗಿಯ ಹೊಲದಲ್ಲಿಯೇ ಅಕ್ಕಡಿ ಸಾಲಿನಲ್ಲಿ ಹಳದಿ ಹೂವು ಬಿಡುತ್ತಿದ್ದ ಹುಚ್ಚೆಳ್ಳಿನ ಪುಡಿ. ಈ ಹುಚ್ಚೆಳ್ಳಿನ ಎಣ್ಣೆ ತೆಂಗಿನೆಣ್ಣೆಗೆ ನೇರ ವಿರುದ್ಧ ಗುಣದ್ದು. ಅದರ ಬಹುಪಾಲು, ಎಲ್‌ಡಿಎಲ್ಲನ್ನು ತಗ್ಗಿಸುವ ಲಿನೊಲೆಯಿಕ್ ಆಮ್ಲ. ನಮ್ಮ ಅಜ್ಜಿಯರು ಅಧ್ಯಯನ ಮಾಡಿ ಈ ಜೋಡಣೆಯನ್ನು ಮಾಡಿದರೆಂದು ಹೊಗಳುವುದು ಅತಿಶಯೋಕ್ತಿ. ಬಡತನವೂ ಮಳೆಯಾಧಾರದ ಹೊಲವೂ ಕೂಡಿ ಆ ಊಟವನ್ನು ನಿರ್ಣಯಿಸಿದವು. ಆದರೆ ಫಲವಂತೂ ಫಲವೇ.

ಅನಂತರ ಬದಲಾದದ್ದು ತೆಂಗಲ್ಲ, ಅದರ ನೆರೆಹೊರೆ. ಕಾಲುವೆಯ ನೀರು ಬಂದಿತು, ಪಡಿತರದ ಅಕ್ಕಿ ಬಂದಿತು. ಮೂರು ಹೊತ್ತೂ ಬಿಳಿಯ ಅನ್ನವೋ ಅದರದೇ ದೋಸೆ ಇಡ್ಲಿಯೋ ಆಯಿತು. ಹುಚ್ಚೆಳ್ಳು ಹೊಲದಿಂದಲೇ ಮಾಯವಾಯಿತು. ಬಸ್ಸುನಿಲ್ದಾಣದ ಬಜ್ಜಿ ಬೋಂಡ, ಬೇಕರಿಯ ಪಫ್ಸು ಸಂಜೆಯ ಸಂಪ್ರದಾಯವಾದವು. ತೋಟಕ್ಕೆ ನಡೆದು ಹೋಗುತ್ತಿದ್ದವನು ಮೋಟಾರುಸೈಕಲ್ಲಿನಲ್ಲಿ ಹೋಗಿಬರತೊಡಗಿದನು. ಡಾಲ್ಡಾದಂಥ ವನಸ್ಪತಿಯ ಮೂಲಕ ಹಲವು ದಶಕ ನಮ್ಮ ಸಿಹಿತಿಂಡಿಗಳನ್ನು ಸೇರಿದ ಟ್ರಾನ್ಸ್ ಕೊಬ್ಬು, ಎಲ್‌ಡಿಎಲ್ಲನ್ನು ಏರಿಸಿ ಎಚ್‌ಡಿಎಲ್ಲನ್ನು ಇಳಿಸುವ ದ್ವಿಗುಣ ದ್ರೋಹಿ. ಅದಕ್ಕೆ ನೂರಕ್ಕೆ 2ರ ಮಿತಿ ದೇಶದಲ್ಲಿ ಜಾರಿಗೆ ಬಂದದ್ದೇ 2022ರಲ್ಲಿ. ಭಾರತೀಯರ ರಕ್ತದಲ್ಲಿ ವಿಶೇಷವಾಗಿ ಕಾಣುವ ದೋಷ ಎಚ್‌ಡಿಎಲ್ಲಿನ ಕೊರತೆ ಮತ್ತು ಟ್ರೈಗ್ಲಿಸರೈಡುಗಳ ಆಧಿಕ್ಯ. ಅದಕ್ಕೆ ಅತಿಯಾದ ಅಕ್ಕಿ, ಮೈದಾ, ಸಕ್ಕರೆಗಳೂ ಕುಳಿತ ಬಾಳೂ ಕಾರಣವೇ ಹೊರತು ಬರಿಯ ಕಾಯಿತುರಿಯಲ್ಲ.

ಆದುದರಿಂದ ಆ ರೈತನ ಪ್ರಶ್ನೆಗೆ ನನ್ನ ಉತ್ತರ ಇದು: ಕಾಯಿಯನ್ನು ಬಿಡಬೇಕಾಗಿಲ್ಲ, ಅಜ್ಜಿಯ ಅಳತೆಗೆ ಇಳಿಸಬೇಕು, ಮತ್ತು ಅಜ್ಜಿಯ ತಟ್ಟೆಯಲ್ಲಿ ಅದರ ಜೊತೆಗಿದ್ದುದನ್ನು ಮರಳಿ ತರಬೇಕು. ತೆಂಗಿನ ಋಣ ದೊಡ್ಡದೇ ಸರಿ. ಆದರೆ ಅದನ್ನು ಹೊಟ್ಟೆಯ ಮೂಲಕವೇ ತೀರಿಸಬೇಕೆಂದಿಲ್ಲ. ಬೇಳೆಕಾಳು ತರಕಾರಿಗಳಲ್ಲಿರುವ, ನೀರಿನಲ್ಲಿ ಕರಗಿ ಲೋಳೆಯಾಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೊಯ್ಯುತ್ತದೆ. ಕಳೆದುಹೋದ ಪಿತ್ತವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನೇ ಸೆಳೆದುಕೊಳ್ಳಬೇಕಾಗುತ್ತದೆ. ಕೆನಡಾದ ಟೊರಾಂಟೊ ನಗರದಲ್ಲಿ ಡೇವಿಡ್ ಜೆಂಕಿನ್ಸ್ ಎಂಬವರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಥ ನಾರು, ಸೋಯಾ, ಬಾದಾಮಿ, ಸಸ್ಯಸ್ಟೆರಾಲುಗಳನ್ನು ಕೂಡಿಸಿದ ಊಟವು ಒಂದು ತಿಂಗಳಲ್ಲಿ ಎಲ್‌ಡಿಎಲ್ಲನ್ನು ನೂರಕ್ಕೆ 28.6ರಷ್ಟು ಇಳಿಸಿತು; ಲೋವಾಸ್ಟಾಟಿನ್ ಮಾತ್ರೆ ಇಳಿಸಿದ್ದು 30.9ರಷ್ಟು. ಆ ವಿದೇಶೀ ಪಟ್ಟಿಯಲ್ಲಿ ಲೋಳೆನಾರಿನ ತರಕಾರಿಗಳೆಂದು ಆರಿಸಿಕೊಂಡಿದ್ದವು ಬೆಂಡೆ ಮತ್ತು ಬದನೆ ಎಂಬುದನ್ನು ತಿಳಿದು ನನಗೆ ಬಹಳ ಸಂತೋಷವಾಯಿತು. ಆಹಾರವನ್ನು ಅಳೆದು ಕೊಡುವವರಿಲ್ಲದೆ ಜನ ತಮ್ಮ ಮನೆಯಲ್ಲಿಯೇ ಅದನ್ನು ಅನುಸರಿಸಿದಾಗ ಇಳಿತ ಅದರ ಅರ್ಧಕ್ಕಿಂತಲೂ ಕಡಮೆಯಾಯಿತೆಂಬುದನ್ನೂ ಸೇರಿಸಿ ಹೇಳದಿದ್ದರೆ ನಾನೂ ಆ ವಕೀಲರ ಸಾಲಿಗೆ ಸೇರುತ್ತೇನೆ.

ಬಾಡೂಟದ ವಿಷಯ ಚಿಕ್ಕದು: ಮೊಟ್ಟೆಗಿಂತ ಮಾಂಸದ ಚರ್ಬಿಯನ್ನು ನೋಡಿಕೊಳ್ಳಬೇಕು. ಬೀಡಿ ಸಿಗರೇಟುಗಳ ವಿಷಯ ಇನ್ನೂ ಚಿಕ್ಕದು: ಬಿಡಬೇಕು. ವಾರಕ್ಕೆ 150 ನಿಮಿಷದ ಬಿರುಸಾದ ನಡಿಗೆಯನ್ನು ತಜ್ಞರು ವಿಧಿಸುತ್ತಾರೆ. ತುರುವೇಕೆರೆಯ ಗಂಗಾಧರೇಶ್ವರನ ಸನ್ನಿಧಿಯಲ್ಲಿರುವ, ನಯಗೊಳಿಸಿದ ಕರಿಯ ನಂದಿಯನ್ನು ಸಂಜೆ ಸಂಜೆ ನಡೆದೇ ಹೋಗಿ ನೋಡಿಬರುವವರಿಗೆ ಅದು ಅಯಾಚಿತವಾಗಿ ದೊರೆಯುತ್ತದೆ, ಗಾಡಿಯನ್ನು ದೇವಸ್ಥಾನದ ಬಾಗಿಲವರೆಗೆ ಒಯ್ಯದಿದ್ದರೆ.

ಪಥ್ಯದ ಶಕ್ತಿಗೆ ಎಲ್ಲೆಯೂ ಉಂಟು. ಇನ್ನೂರೈವತ್ತು ಮುನ್ನೂರು ಜನರಲ್ಲಿ ಒಬ್ಬರಿಗೆ ಎಲ್‌ಡಿಎಲ್ಲನ್ನು ಹಿಡಿಯುವ ಆ ಗ್ರಾಹಕಗಳ ದೋಷ ತಂದೆತಾಯಿಗಳಿಂದಲೇ ಬರುತ್ತದೆ. ಅಂಥವರು ಮುದ್ದೆ ಬಸ್ಸಾರಿನಲ್ಲಿಯೇ ಬಾಳಿದರೂ ಅಂಕಿ ಸಾಕಷ್ಟು ಇಳಿಯದು. ಅಂಥ ಮನೆಯಲ್ಲಿ ಒಬ್ಬರಿಗೆ ಚಿಕ್ಕವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು ನಲವತ್ತರೊಳಗೇ ಹೃದಯ ಕೆಟ್ಟವರಿಗಾಗಿ ಪ್ರತ್ಯೇಕ ದಾಖಲೆಯನ್ನೇ ಇಟ್ಟಿರುವುದು ಇದು ಊಹೆಯ ಭಯವಲ್ಲವೆಂಬುದಕ್ಕೆ ನಿದರ್ಶನ. ಭಾರತೀಯ ಹೃದ್ರೋಗತಜ್ಞರ ಸಂಘ 2024ರಲ್ಲಿ ಹೊರಡಿಸಿದ ಸೂಚನೆಗಳಂತೆ, ಸಾಮಾನ್ಯರ ಎಲ್‌ಡಿಎಲ್ 100 ಮಿಲಿಗ್ರಾಮಿನ ಕೆಳಗಿರಬೇಕು; ಈಗಾಗಲೇ ಹೃದಯಾಘಾತವಾದವರಂಥ ಅತಿ ಅಪಾಯದವರದು 55ರ ಕೆಳಗೆ, ಅಷ್ಟು ಕೆಳಗಿಳಿಯಲು ಸಾಮಾನ್ಯವಾಗಿ ಮಾತ್ರೆಯಿಲ್ಲದೆ ಆಗದು. ಪಥ್ಯ ಹಿಡಿದು ಎರಡು ಮೂರು ತಿಂಗಳ ಮೇಲೆ ರಕ್ತವನ್ನು ಮತ್ತೆ ಪರೀಕ್ಷಿಸಿ ನೋಡಿದರೆ, ತಟ್ಟೆಯಿಂದ ಎಷ್ಟಾಯಿತು, ಔಷಧಕ್ಕೆ ಉಳಿದದ್ದೆಷ್ಟು ಎಂಬುದು ಗೊತ್ತಾಗುತ್ತದೆ. ಕಾಗದದಲ್ಲಿ ಅಂಕಿ ಸರಿಬಂದಿತೆಂದು ವೈದ್ಯರನ್ನು ಕೇಳದೆಯೇ ಮಾತ್ರೆಯನ್ನು ನಿಲ್ಲಿಸಿಬಿಡುವವರು ಅನೇಕರು. ಅಂಕಿ ಸರಿಬಂದದ್ದು ಮಾತ್ರೆಯಿಂದಾದುದರಿಂದ, ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದು ಮೊದಲಿದ್ದ ಎತ್ತರಕ್ಕೇ ಹಿಂದಿರುಗುತ್ತದೆ.