ಅಂಗೈಯಲ್ಲಿ ಅಂಬಾಸಿಡರ್

ರಾಯಚೂರಿನಂತಹ ಪಟ್ಟಣವಿರಲಿ, ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂತಹ ಊರಿರಲಿ, ಅಂಬಾಸಿಡರ್ ಕಾರೊಂದು ಬಂದು ನಿಂತಿತೆಂದರೆ ಓಣಿಯೇ ಬಾಗಿಲಿಗೆ ಬರುತ್ತಿದ್ದ ಕಾಲವೊಂದಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ರೂಪು ಪಡೆದು ನಮ್ಮದೇ ಆಗಿಹೋದ ಆ ವಾಹನದ ತಯಾರಿಕೆ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ನಿಂತುಹೋಯಿತು. ಹಳೆಯ ಕಾರನ್ನು ಇರಿಸಿಕೊಳ್ಳುವ ಸ್ಥಳವೂ ಧನವೂ ಎಲ್ಲರಿಗೂ ಇರುವುದಿಲ್ಲ. ಆದರೆ ಅದರ ರೂಪವನ್ನು ಮೇಜಿನ ಮೇಲೆ ಉಳಿಸಿಕೊಳ್ಳಲು ಬೇಕಾದುದು ಒಂದಿಷ್ಟು ಪ್ಲಾಸ್ಟಿಕ್, ಹರಿತವಾದ ಚೂರಿ ಮತ್ತು ಬಹಳಷ್ಟು ತಾಳ್ಮೆ.

ಇಂತಹ ಮಾದರಿಗೆ ಅಳತೆಯೇ ಪ್ರಾಣ. ಇಪ್ಪತ್ತನಾಲ್ಕಕ್ಕೆ ಒಂದು ಎಂಬುದು ಕಾರಿನ ಮಾದರಿಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಪ್ರಮಾಣ. ಅಂಬಾಸಿಡರಿನ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಸುಮಾರು 2,464 ಮಿಲಿಮೀಟರ್ ದೂರ. ಮಾದರಿಯಲ್ಲಿ ಅದು 103 ಮಿಲಿಮೀಟರಿಗೆ ಇಳಿಯುತ್ತದೆ. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಅಂಗುಲ ತಪ್ಪಿದಂತೆಯೇ ಸರಿ.

ಬೇಕಾದ ಕಾರಿನ ಬಿಡಿಭಾಗಗಳ ಪೆಟ್ಟಿಗೆ ದೊರೆಯದಿದ್ದಾಗ, ಅದೇ ಕಾಲದ ಅಮೆರಿಕದ ಕಾರೊಂದರ ಮಾದರಿಯನ್ನು ತಿದ್ದಿಕೊಳ್ಳುವುದುಂಟು. ತಳ ಉದ್ದವಾದರೆ ಸಣ್ಣ ಗರಗಸದಿಂದ ಕೊಯ್ದು ನಡುವಿನ ತುಂಡನ್ನು ತೆಗೆಯಬೇಕು. ಎಡಗಡೆಯ ಸ್ಟೀರಿಂಗನ್ನೂ ಅದರೊಡನೆ ಮೀಟರುಗಳನ್ನೂ ಬ್ರೇಕನ್ನೂ ಬಲಗಡೆಗೆ ತರಬೇಕು. ಇದಕ್ಕೆ ಬಳಸುವ ಅಂಟು ಗೋಂದಿನಂತಹುದಲ್ಲ. ಅದು ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಎರಡು ಅಂಚುಗಳನ್ನು ಒಂದಾಗಿಸುತ್ತದೆ. ಒಂದು ಹನಿ ಹೆಚ್ಚಾದರೆ ದಿನವಿಡೀ ಮಾಡಿದ ಕೆಲಸವೂ ಕರಗಿದಂತೆಯೇ! ಉಳಿದ ಸಂದುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಿ, ತೆಳುವಾದ ಬಣ್ಣವನ್ನು ಪದರಪದರವಾಗಿ ಕೊಡಬೇಕು.

ಸಂದು ಮರೆಸುವ ಈ ವಿದ್ಯೆ ಆ ಸೀಮೆಗೆ ಹೊಸದೇನೂ ಅಲ್ಲ. 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಜೋಡಿಸಿ ಗೊಂಬೆ ಮಾಡುತ್ತಾರೆ. ಸೆಣಬಿನ ಚಿಂದಿಯ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ದಿಂದ ಅವುಗಳ ಸಂದುಗಳನ್ನು ಮುಚ್ಚಿ ಬಣ್ಣ ಬರೆಯುತ್ತಾರೆ. ಬಣ್ಣದ ಹೊಳಪನ್ನು ಮೆಚ್ಚುವವರಿಗೆ ಒಳಗಿನ ಜೋಡಣೆ ಕಾಣುವುದೇ ಇಲ್ಲ.

ಆದರೂ ಅಳತೆಯೊಂದೇ ಸಾಲದು. ಕಾರಿನ ತಗಡು ಎಷ್ಟು ತೆಳುವೋ ಅದರ ಇಪ್ಪತ್ತನಾಲ್ಕನೆಯ ಒಂದು ಪಾಲಿನಷ್ಟು ತೆಳುವಾಗಿ ಪ್ಲಾಸ್ಟಿಕ್ಕನ್ನು ಎರಕ ಹೊಯ್ಯಲಾಗದು. ಆದುದರಿಂದ ಕುಶಲಿಯಾದವನು ಕಣ್ಣಿಗೆ ಬೀಳುವ ಅಂಚುಗಳನ್ನು ಮಾತ್ರ ಅರದಿಂದ ಸವೆಸುತ್ತಾನೆ. ಕಣ್ಣು ಉಳಿದುದನ್ನೂ ತೆಳುವೆಂದೇ ನಂಬಿಬಿಡುತ್ತದೆ.

ಕೊನೆಯ ತಿದ್ದುಪಡಿಯನ್ನು ಯಾವ ನಕ್ಷೆಯೂ ಹೇಳಿಕೊಡದು. ಪೆಟ್ಟಿಗೆಯಿಂದ ಬಂದ ಕಾರು ಊರಿನ ಎಷ್ಟೋ ಕಾರುಗಳಲ್ಲಿ ಒಂದು. ಮೇಲೆ ಹಾಸಿಗೆ ಸುರುಳಿ ಕಟ್ಟುವ ಕ್ಯಾರಿಯರ್ ಏರಿದಾಗ ಅದು ಒಂದು ಮನೆಯ ಕಾರಾಗುತ್ತದೆ. ಹಿರಿಯರು ಅದನ್ನು ಅಂಗೈಯಲ್ಲಿಟ್ಟುಕೊಂಡು, ಕನ್ನಡಕ ಸರಿಪಡಿಸಿಕೊಂಡು, “ಬಲಬಾಗಿಲ ಕೆಳಗೊಂದು ತಗ್ಗಿತ್ತಲ್ಲ!” ಎಂದರೆ, ಆ ತಗ್ಗನ್ನೂ ಮೂಡಿಸಿದ ಹೊರತು ಕೆಲಸ ಮುಗಿಯಿತೆನ್ನುವಂತಿಲ್ಲ.